ಅಪ್ಪನಿಗೆ 30ಕ್ಕೆ 11

ಉದ್ದ ಇದೆ, ಟೈಮ್ ಇದ್ದಾಗ ಓದಿ. ಏಳು ತಿಂಗಳಿಂದ ಮೀಟಿಂಗಿಗೆ ಬಂದಿಲ್ಲ, ಫೋನ್ ಎತ್ತಲ್ಲ, ಎಲ್ಲಿ ಸತ್ತೋದ ಇವನು ಅಂತ ಬೈದವರಿಗೂ ಇದರಲ್ಲೇ ಉತ್ತರ ಇದೆ.

ನಿಮ್ಮಲ್ಲಿ ಕೆಲವರು ಮನೆಗೆ ಬಂದು ಅಪ್ಪನ್ನ ನೋಡಿಕೊಂಡು ಹೋದ್ರಿ. ಹಣ್ಣು ತಂದ್ರಿ, ಹಿರಿಯರೊಬ್ಬರು ಕೈಗೆ ಎರಡು ಸಾವಿರ ಇಟ್ಟು ಹೋದ್ರು. ಹೋಗುವಾಗ ಬಾಗಿಲ ಹತ್ರ ನಿಂತು ಮೆಲ್ಲಗೆ, 'ಪಾಪ, ಅವರಿಗೆ ಏನೂ ಗೊತ್ತಾಗಲ್ಲ ಅಲ್ವಾ?' ಅಂತ ಕೇಳ್ತಿದ್ರಿ. ನಾನು 'ಹೂಂ, ಬುದ್ಧಿ ಹೋಗಿದೆ' ಅಂತಿದ್ದೆ. ನಮ್ಮ ಮನೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತು. ಬಾಗಿಲಿಗೂ ಅಪ್ಪನ ಮಂಚಕ್ಕೂ ಆರಡಿ.

ಹೋದ ವರ್ಷ ಕಾರ್ತೀಕದಲ್ಲಿ ಅಪ್ಪನಿಗೆ ಲಕ್ವ ಹೊಡೀತು. ನಾನು ಆವತ್ತು ತಾಲ್ಲೂಕು ಕಚೇರಿ ಮುಂದೆ ಸ್ಮಶಾನ ಜಾಗಕ್ಕೆ ಧರಣಿ ಕೂತಿದ್ದೆ. ಬೆಳಿಗ್ಗೆ ಎದ್ದಾಗಲೇ ಬಾಯಿ ಸೊಟ್ಟಗಾಗಿತ್ತಂತೆ, ಬಲಗೈ ಎತ್ತೋಕಾಗಿಲ್ಲ. ಅವ್ವ ಅದನ್ನ ಗಾಳಿ ಬಡಿದಿದೆ ಅಂದುಕೊಂಡು ಮಧ್ಯಾಹ್ನದವರೆಗೂ ಎಣ್ಣೆ ತಿಕ್ಕಿದ್ದಾಳೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು ಅಂತ ನನಗೆ ಗೊತ್ತಾಗಿದ್ದು ಆಸ್ಪತ್ರೆ ಸೇರಿ ಎರಡು ದಿನ ಆದ ಮೇಲೆ. ಅದನ್ನ ಇಲ್ಲಿ ಎಳೆಯೋದಿಲ್ಲ, ಅದಕ್ಕೇ ಬೇರೆ ಪೋಸ್ಟ್ ಬೇಕು.

ನಮ್ಮದು ಮುಳಬಾಗಿಲು ಕಡೆ ಹಳ್ಳಿ. ಅಪ್ಪ ನೀರಗಂಟಿ. ಕೋಲಾರ ಜಿಲ್ಲೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಕೆರೆಯ ತೂಬು ಎತ್ತೋದು, ಇಳಿಸೋದು, ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಟ್ಟು ಹಾಯಿಸೋದು ನಮ್ಮ ಜನರ ಕೆಲಸವಾಗಿತ್ತು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಮೊರದಲ್ಲಿ ಕಾಳು ತರಬೇಕು. ಊರಿನ ನೀರೆಲ್ಲ ಇವರ ಕೈಯಲ್ಲಿ ಹರೀತಿತ್ತು, ಊರ ಬಾವಿಯ ನೀರು ಮಾತ್ರ ಇವರು ಮುಟ್ಟೋ ಹಾಗಿರಲಿಲ್ಲ. ತಾತನಿಂದ ಅಪ್ಪನಿಗೆ ಈ ಕೆಲಸ ಬಂತು. ಅದಕ್ಕೆ ಮುಂಚೆ ಹುಡುಗನಾಗಿದ್ದಾಗ ಅಪ್ಪ ಗೌಡರ ಮನೇಲಿ ಜೀತಕ್ಕಿದ್ದ. ಸ್ಕೂಲು ಆ ಮನೆಯಿಂದ ಕಾಣಿಸ್ತಿತ್ತಂತೆ, ದನ ಹೊಡಕೊಂಡು ಅದರ ಮುಂದೇನೇ ಹೋಗಬೇಕಿತ್ತಂತೆ. 1976ರಲ್ಲಿ ಜೀತ ರದ್ದಾದಾಗ ಅಪ್ಪನಿಗೆ ಹದಿನೆಂಟೋ ಇಪ್ಪತ್ತೋ. ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ. ಸೈನ್ ಮಾಡೋದನ್ನ ಆಮೇಲೆ ಸಂಘಟನೆಯ ಹುಡುಗರು ಕಲಿಸಿದ್ರು. ಮೂರೂವರೆ ಅಕ್ಷರ, ಅಷ್ಟೇ.

ನಾವು ಸೇರಿಸಿದ್ದು ಒಂದು ಖಾಸಗಿ ಆಸ್ಪತ್ರೆಗೆ. ಒಂಬತ್ತು ದಿನ. ಜೀವ ಉಳಿಸಿದ್ರು, ಅದಕ್ಕೆ ನಾನು ಋಣಿ. ಮಿದುಳಿನ ಎಡಭಾಗಕ್ಕೆ ಪೆಟ್ಟು, ಅದಕ್ಕೆ ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತು ಕೂಡ ಎಡಭಾಗದಲ್ಲೇ ಇರೋದರಿಂದ ಮಾತೂ ಹೋಗಿದೆ ಅಂತ ಚೆನ್ನಾಗೇ ವಿವರಿಸಿದ್ರು. ಎಂಟನೇ ದಿನ ಒಬ್ಬ ಯುವ ಡಾಕ್ಟರು ಒಂದು ಹಾಳೆ ಹಿಡಕೊಂಡು ಬಂದ. ಹತ್ತು ನಿಮಿಷ ಅಪ್ಪನ್ನ ಏನೇನೋ ಕೇಳ್ದ, ಟಿಕ್ ಹಾಕ್ದ, ಹೋದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಬಂತು: ಎಂಎಂಎಸ್‌ಇ 11/30, ತೀವ್ರ ಅರಿವಿನ ದೋಷ. ಏನ್ ಸಾರ್ ಇದು ಅಂದೆ. 'ಬುದ್ಧಿಶಕ್ತಿ ಹೋಗಿದೆ, ಮಗು ಥರ ನೋಡ್ಕೊಳ್ಳಿ' ಅಂದ್ರು. ನೋಡ್ಕೊಂಡ್ವಿ. ಮಗು ಎದುರಿಗೆ ಏನು ಬೇಕಾದ್ರೂ ಮಾತಾಡಬಹುದಲ್ಲ, ಹಾಗೆ ನೋಡ್ಕೊಂಡ್ವಿ.

ಆ ಹಾಳೆಯ ಜೆರಾಕ್ಸ್ ಈಗ ನನ್ನ ಮುಂದಿದೆ. ಸಾವಿರಾರು ಅರ್ಜಿ, ಪಹಣಿ, ಮಹಜರು ಓದಿದವನು ನಾನು, ಇದನ್ನ ಮೂರು ತಿಂಗಳು ಓದಲೇ ಇಲ್ಲ. ಈಗ ಓದಿದ್ದೀನಿ, ನೀವೂ ಸ್ವಲ್ಪ ತಾಳ್ಮೆಯಿಂದ ನೋಡಿ.

ಈ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ಅನ್ನೋ ಮನೋವೈದ್ಯರು, ಅವರ ಜೊತೆಯವರು ಸೇರಿ ಮಾಡಿದ್ದು. ಒಟ್ಟು 30 ಅಂಕ. ಅದರಲ್ಲಿ ಅಪ್ಪ ಕಳಕೊಂಡಿದ್ದು 19. ಎಲ್ಲೆಲ್ಲಿ ಅಂದ್ರೆ, ನೂರರಿಂದ ಏಳೇಳು ಕಳೀತಾ ಹೋಗಿ ಅನ್ನೋದಕ್ಕೆ 5 ಅಂಕ, ಅಪ್ಪನಿಗೆ ಸೊನ್ನೆ. ಕಾಗದದ ಮೇಲೆ ಬರೆದಿರೋದನ್ನ ಓದಿ ಅದರಂತೆ ಮಾಡಿ, ಒಂದು ವಾಕ್ಯ ಬರೆಯಿರಿ, ಒಂದರ ಮೇಲೊಂದು ಬಿದ್ದ ಎರಡು ಪಂಚಕೋನದ ಚಿತ್ರ ನೋಡಿ ಹಾಗೇ ಬರೆಯಿರಿ, ಇವಕ್ಕೆ ಒಂದೊಂದು ಅಂಕ. ಮೂರೂ ಸೊನ್ನೆ. ತಾರೀಖು, ತಿಂಗಳು, ಇಸವಿ, ಇನ್ನು ಮೂರು ಹೋಯ್ತು. ಅಪ್ಪ ತಿಂಗಳನ್ನ ಯಾವತ್ತೂ ನವೆಂಬರ್ ಡಿಸೆಂಬರ್ ಅಂತ ಎಣಿಸಿದವನಲ್ಲ, ಮಳೆ ನಕ್ಷತ್ರದಲ್ಲಿ ಎಣಿಸಿದವನು. ಇಲ್ಲಿಗೆ 11 ಆಯ್ತು. ಇನ್ನೊಂದು ಇದೆ, ಅದನ್ನ ಓದಿ ನಾನು ನಗಬೇಕೋ ಅಳಬೇಕೋ ತಿಳೀದೆ ಕೂತಿದ್ದೆ. 'ಈ ಕಾಗದವನ್ನ ಬಲಗೈಯಲ್ಲಿ ತಗೊಳ್ಳಿ, ಅರ್ಧಕ್ಕೆ ಮಡಚಿ, ನೆಲದ ಮೇಲಿಡಿ.' ಮೂರು ಅಂಕ. ಬಲಗೈ ಬಿದ್ದುಹೋದ ಮನುಷ್ಯನಿಗೆ! ಸೊನ್ನೆ ಹಾಕಿದ್ದಾನೆ ಪುಣ್ಯಾತ್ಮ. 14 ಆಯ್ತಾ? ಉಳಿದದ್ದು ಐದು. ಹೇಳಿದ ಮೂರು ಪದದಲ್ಲಿ ಒಂದನ್ನ ತಿರುಗಿ ಹೇಳೋಕೆ ಆಗಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಎರಡು ಮರೆತಿದೆ, ವಾಕ್ಯ ತಿರುಗಿ ಹೇಳೋದು ಆಗಿಲ್ಲ, ಎಷ್ಟನೇ ಮಹಡಿಯಲ್ಲಿದ್ದೀರಿ ಅನ್ನೋದು ಗೊತ್ತಾಗಿಲ್ಲ.

ಲಕ್ವ ಬಡಿಯೋ ಹಿಂದಿನ ದಿನ ಇದೇ ಹಾಳೆ ತಂದಿದ್ದರೂ ಅಪ್ಪ ಆ 11 ಅಂಕದಲ್ಲಿ ಎಷ್ಟು ತಗೋತಿದ್ದ? ಗೌಡರ ಮನೆಯ ದನ ಕಾಯ್ತಾ ಕಳಕೊಂಡ ಅಂಕಗಳನ್ನ ಮಿದುಳಿನ ಖಾತೆಗೆ ಬರೆದಿದ್ದಾರೆ.

ಇಷ್ಟೇ ಆಗಿದ್ರೆ ಒಂದು ಸಿಟ್ಟಿನ ಪೋಸ್ಟ್ ಹಾಕಿ ಸುಮ್ಮನಾಗ್ತಿದ್ದೆ. ಜಮೀನಿನ ವಿಷಯ ಇದೆ.

ತಾತನಿಗೆ ಸರ್ಕಾರದಿಂದ ಮಂಜೂರಾಗಿದ್ದ ಎರಡು ಎಕರೆ ಹೇಗೆ ಕೈ ಬಿಟ್ಟುಹೋಯ್ತು ಅನ್ನೋದು ನಿಮ್ಮ ಮನೆ ಕತೆಯೂ ಹೌದು, ಬಿಡಿ. ಪಿಟಿಸಿಎಲ್ ಕಾಯ್ದೆ 1978ರದು. ಅದರಲ್ಲಿ ನಾವು ಹಾಕಿದ ಅರ್ಜಿ 'ತಡವಾಗಿ ಬಂದಿದ್ದೀರಿ' ಅಂತ ಒಮ್ಮೆ ವಜಾ ಆಗಿತ್ತು. ಬೆಂಗಳೂರಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತು, 2023ರಲ್ಲಿ ತಿದ್ದುಪಡಿ ಬಂದು, ಕಾಲಮಿತಿ ಇಲ್ಲ ಅಂತ ಆದ ಮೇಲೆ ಉಪವಿಭಾಗಾಧಿಕಾರಿ ಕೋರ್ಟಲ್ಲಿ ಮತ್ತೆ ಜೀವ ಬಂತು. ಅರ್ಜಿದಾರ ಅಪ್ಪ. ಎದುರು ಪಾರ್ಟಿಯವರ ವಾದ ಏನು ಅಂದ್ರೆ, ಮಂಜೂರಾದ ಜಾಗ ಇದಲ್ಲ, ಹಳ್ಳದ ಆಚೆಯದು. ಸರ್ವೆಯವರು ಬಂದು ಕಲ್ಲು ನೆಟ್ಟ ದಿನ ಅಲ್ಲಿದ್ದವರಲ್ಲಿ ಇವತ್ತು ಬದುಕಿರೋನು ಅಪ್ಪ ಒಬ್ಬನೇ.

ಜನವರಿ ವಾಯಿದೆಗೆ ಅಪ್ಪನ್ನ ಕರಕೊಂಡು ಹೋಗೋಕಾಗಲಿಲ್ಲ. ಮುಂದಿನ ವಾಯಿದೆ ಕೇಳೋಕೆ ನಾನೇ ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್ ಮಾಡಿಸಿ ಲಗತ್ತಿಸಿದೆ. ನಾನೇ. ನಮ್ಮ ಲಾಯರೂ ಕೇಳಿರಲಿಲ್ಲ, ದಾಖಲೆ ಜಾಸ್ತಿ ಇದ್ದಷ್ಟು ಒಳ್ಳೇದು ಅನ್ನೋ ಚಟ ನನ್ನದು. ಫೆಬ್ರವರಿಯಲ್ಲಿ ಎದುರು ವಕೀಲರು ಅದೇ ಸಾಲಿಗೆ ಕೆಂಪು ಗೆರೆ ಎಳೆದು ಮೆಮೊ ಹಾಕಿದ್ರು. ಅರ್ಜಿದಾರರಿಗೆ ಬುದ್ಧಿಸ್ವಾಧೀನ ಇಲ್ಲ, ಇವರ ಹೇಳಿಕೆಗೆ ಬೆಲೆ ಇಲ್ಲ ಅಂತ.

ಕಂಬಾಲಪಲ್ಲಿಯಲ್ಲಿ 2000ದಲ್ಲಿ ನಮ್ಮ ಏಳು ಜನರನ್ನ ಸುಟ್ಟರು, ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದ್ರು. ಸಾಕ್ಷಿಯ ಬಾಯಿ ಅಂದ್ರೆ ಏನು ಬೆಲೆ ಅಂತ ನಾನು ಊರೂರಲ್ಲಿ ಭಾಷಣ ಮಾಡಿದ್ದೀನಿ. ನಮ್ಮ ಮನೆ ಸಾಕ್ಷಿಯ ಬಾಯಿಗೆ ಬೀಗ ಹಾಕೋ ಕಾಗದ ನನ್ನ ಕೈಯಿಂದಲೇ ಹೋಗಿತ್ತು.

ಅದೇ ವಾರ ಅವ್ವನಿಗೆ ಹಾಸಿಗೆ ಕೆಳಗೆ ಬಿಪಿ ಮಾತ್ರೆಗಳು ಸಿಕ್ಕವು. ಅಪ್ಪ ನುಂಗಿದ ಹಾಗೆ ಮಾಡಿ, ಅವ್ವ ಆ ಕಡೆ ತಿರುಗಿದ ಮೇಲೆ ಉಗುಳಿ ಅಲ್ಲಿ ತುರುಕಿದ್ದ. ಇಪ್ಪತ್ತೊಂದು ದಿನದ್ದು. ಎಣಿಸಿದ್ದು ನಾನು. ಯಾಕಪ್ಪಾ ಅಂದ್ರೆ ಗೋಡೆ ಕಡೆ ಮುಖ ತಿರುಗಿಸಿಕೊಂಡು ಒಂದೇ ಮಾತು, 'ಚಾಲು.'

ಈ 'ಚಾಲು' ಬಗ್ಗೆ ಹೇಳಲೇಬೇಕು. ನಮ್ಮದು ಮನೆಮಾತು ತೆಲುಗು. ಗಡಿ ಕಡೆಯವರು, ಕನ್ನಡ ತೆಲುಗು ಎರಡೂ ಕಲೆಸಿಕೊಂಡೇ ಬೆಳೆದವರು, ಆದ್ರೆ ನೋವು, ಹಸಿವು, ಬೈಗುಳ ಎಲ್ಲ ತೆಲುಗಲ್ಲೇ. ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಅಪ್ಪನ ಬಾಯಿಂದ ಬಂದ ಮೊದಲ ಮಾತು 'ಚಾಲು'. ಹಾವೇರಿ ಕಡೆಯ ಒಬ್ಬ ನರ್ಸಮ್ಮ, ಬಹಳ ಒಳ್ಳೆ ಹೆಣ್ಣುಮಗಳು, ಫ್ಯಾನ್ ಚಾಲೂ ಮಾಡಿ ಅಂತಿದ್ದಾರೆ ಅಂದುಕೊಂಡು ಹೋಗಿ ಸ್ವಿಚ್ ಹಾಕಿದಳು. ಅಪ್ಪ ಮತ್ತೆ 'ಚಾಲು, ಚಾಲು' ಅಂದ. ಇನ್ನೂ ಜೋರು ಮಾಡಿದಳು. ಚಳಿಗಾಲದಲ್ಲಿ ಫ್ಯಾನ್ ಐದಕ್ಕಿಟ್ಟು ಅಪ್ಪನ್ನ ನಡುಗಿಸಿದ್ದನ್ನ ಅವ್ವ ಊರಲ್ಲೆಲ್ಲ ಹೇಳಿ ನಗಿಸಿದ್ದಳು, ನಾವೂ ನಕ್ಕಿದ್ವಿ. ತೆಲುಗಲ್ಲಿ ಚಾಲು ಅಂದ್ರೆ ಸಾಕು.

ಮಾತ್ರೆ ಸಿಕ್ಕಿದ ಮರುದಿನವೇ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆ. ನಿಜ ಹೇಳ್ತೀನಿ, ನನಗೆ ಬೇಕಿದ್ದದ್ದು ಕೋರ್ಟಿಗೆ ಇನ್ನೊಂದು ಸರ್ಟಿಫಿಕೇಟು. ಅಲ್ಲಿ ಮಿದುಳಿನ ಡಾಕ್ಟರು ನೋಡಿ, ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಕಳಿಸಿದ್ರು. ಚಿಕ್ಕ ವಯಸ್ಸಿನ ಹುಡುಗಿ, ಇನ್ನೂ ಟ್ರೇನಿಂಗಲ್ಲಿರೋರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಹಳೇ ಹಾಳೆ ನೋಡಿದ್ರು, ಏನೂ ಅನ್ನಲಿಲ್ಲ, ಪಕ್ಕಕ್ಕಿಟ್ಟರು. ಮೊದಲು ಅಪ್ಪನಿಗೆ ಕನ್ನಡಕ ಇದೆಯಾ, ಕಿವಿ ಕೇಳುತ್ತಾ, ಯಾವ ಕೈ ರೂಢಿ, ಮನೇಲಿ ಯಾವ ಭಾಷೆ, ಏನು ಕೆಲಸ, ಸ್ಕೂಲಿಗೆ ಹೋಗಿದ್ರಾ, ಮೊದಲು ದುಡ್ಡಿನ ಲೆಕ್ಕ ಯಾರು ನೋಡ್ತಿದ್ರು ಅಂತ ಕೇಳಿದ್ರು. ಇಷ್ಟಕ್ಕೇ ಅರ್ಧ ಗಂಟೆ. 'ಮೊದಲು ಹೇಗಿದ್ರು ಅಂತ ಗೊತ್ತಿಲ್ದೆ ಈಗ ಏನು ಹೋಗಿದೆ ಅಂತ ಹೇಗೆ ಹೇಳೋದು ಸಾರ್' ಅಂದ್ರು.

ಆಮೇಲೆ ನನ್ನ ಕಡೆ ತಿರುಗಿ, 'ಇನ್ಮೇಲೆ ನಾನು ಅವರನ್ನ ಕೇಳ್ತೀನಿ, ನೀವು ಉತ್ತರ ಹೇಳಬೇಡಿ.' ಬೆವರಿಬಿಟ್ಟೆ.

ತೆಲುಗು ಬರ್ತಿದ್ದ ಇನ್ನೊಬ್ಬರನ್ನ ಪಕ್ಕದ ರೂಮಿಂದ ಕರೆಸಿಕೊಂಡರು. 'ಎಟ್ಲುಂಡಾರು ನಾಯನಾ?' ಅಂದಿದ್ದೇ ತಡ, ಅಪ್ಪ ಮುಖ ಎತ್ತಿದ. ಮೂರು ತಿಂಗಳಲ್ಲಿ ಹೊಸಬರ ಮುಖ ನೋಡಿದ್ದು ಅದೇ ಮೊದಲು.

ಓದು ಬರದವರಿಗೆ ಬೇರೆ ಥರ ಕೇಳೋ ಪರೀಕ್ಷೆಗಳು ನಮ್ಮ ದೇಶದಲ್ಲಿ ಇಲ್ಲ ಅಂತೇನಿಲ್ಲ. 1995ರಷ್ಟು ಹಿಂದೆಯೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಹಿಂದಿಯಲ್ಲಿ ಒಂದು ಮಾಡಿದ್ದಾರೆ. ಅದರಲ್ಲಿ ನೂರರಿಂದ ಏಳು ಕಳೆಯೋ ಬದಲು ಇಪ್ಪತ್ತರಿಂದ ಮೂರು ಮೂರು ಕಳೀಬೇಕು, ವಾರದ ಹೆಸರು ಹಿಂದಿನಿಂದ ಹೇಳಬೇಕು. ಓದೋ ಬದಲು ಎದುರಿಗಿರೋರ ಮುಖ ನೋಡಿ ಅವರು ಮಾಡಿದ್ದನ್ನ ಮಾಡಬೇಕು. 2004ರಲ್ಲಿ ಬಂದ ನಿಮ್ಹಾನ್ಸ್ ಕೈಪಿಡಿಯಲ್ಲಿ ಶಾಲೆಗೆ ಹೋಗದವರಿಗೆ ಬೇರೆಯೇ ಮಾನದಂಡ ಇದೆ. ಐಸಿಎಂಆರ್‌ನವರು ಕನ್ನಡ, ತೆಲುಗು ಸೇರಿಸಿ ಐದು ಭಾಷೆಯಲ್ಲಿ ಒಂದು ಪೆಟ್ಟಿಗೆ ಪರೀಕ್ಷೆ ತಯಾರು ಮಾಡಿದ್ದಾರೆ. ಪೆಟ್ಟಿಗೆ ಇದೆ, ನಮ್ಮ ತಾಲ್ಲೂಕಿಗೆ ಬಂದಿಲ್ಲ. ಕೆನಡಾದಿಂದ ಬಂದ ಮೊಕಾ ಅನ್ನೋದನ್ನೂ ಈಗ ಎಲ್ಲಾ ಕಡೆ ಬಳಸ್ತಾರೆ, ಅದೂ 30 ಅಂಕದ್ದು. ಅದರಲ್ಲಿ ಗಡಿಯಾರ ಬರೀಬೇಕು, ಘನಾಕೃತಿ ಬರೀಬೇಕು. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿ ಅಂತ ನಿಯಮ. ಹನ್ನೆರಡು ವರ್ಷ ಓದಿದವನಿಗೂ ಒಂದು, ಜೀತಕ್ಕಿದ್ದವನಿಗೂ ಒಂದು! ಇಂಥ ರಿಯಾಯಿತಿ ನಮಗೆ ಹೊಸದಲ್ಲ ಬಿಡಿ.

ಅಪ್ಪನಿಗೆ ಆ ಹುಡುಗಿ ಮಾಡಿದ ಪರೀಕ್ಷೆ ಒಂದೇ ದಿನಕ್ಕೆ ಮುಗೀಲಿಲ್ಲ. ಸುಸ್ತಾದ್ರೆ ನಿಲ್ಲಿಸ್ತಿದ್ರು, ಲಕ್ವ ಆದವರಿಗೆ ಸುಸ್ತು ಅನ್ನೋದೇ ಒಂದು ಕಾಯಿಲೆ ಅಂದ್ರು. ಕಾಗದ ಮಡಚೋದನ್ನ ಎಡಗೈಲಿ ಮಾಡಿಸಿದ್ರು, ಅಪ್ಪ ಮೂರೂ ಸರಿ ಮಾಡಿದ. 'ಇದೀ ಕಾದು, ಅದೀ ಕಾದು' ಅಂತ ಹೇಳಿಸಿದ್ರೆ 'ಇದೀ... ಇದೀ...'ಗೆ ಸಿಕ್ಕಿಕೊಂಡ. ಹಾಳೆ ತುಂಬಾ ಚುಕ್ಕಿ ನಕ್ಷತ್ರ ಹರಡಿದ್ದರಲ್ಲಿ ಚಿಕ್ಕ ನಕ್ಷತ್ರ ಮಾತ್ರ ಹುಡುಕಿ ಅಡ್ಡಗೆರೆ ಹಾಕಿಸಿದ್ರು, ಒಂದು ಪಕ್ಕ ಪೂರ್ತಿ ಕಾಣದ ಹಾಗೆ ಆಗಿದೆಯಾ ಅಂತ ತಿಳಿಯೋಕೆ. ಅದು ಆಗಿರಲಿಲ್ಲ. ಚಿತ್ರ ತೋರಿಸಿ ಇದರಲ್ಲಿ ಕುಡುಗೋಲು ಯಾವುದು ಅಂದ್ರೆ ತಕ್ಷಣ ಬೆರಳಿಟ್ಟ. ಇದು ಏನು ಅಂತ ಕೇಳಿದ್ರೆ ಮಾತ್ರ 'ಅದೇ... ಅದೇ...' ಅಂದು ಕಣ್ಣಲ್ಲಿ ನೀರು. ಗೊತ್ತಿರೋದಕ್ಕೂ ಹೇಳೋಕಾಗೋದಕ್ಕೂ ಇರೋ ವ್ಯತ್ಯಾಸ ನನಗೆ ಅಲ್ಲಿ ಕಣ್ಣಿಗೆ ಕಂಡಿತು. 1861ರಲ್ಲಿ ಪ್ಯಾರಿಸ್‌ನಲ್ಲಿ ಬ್ರೋಕಾ ಅನ್ನೋ ಡಾಕ್ಟರ ಹತ್ರ ಬಂದ ಒಬ್ಬ ರೋಗಿಗೆ 'ತಾನ್' ಅನ್ನೋದು ಬಿಟ್ಟು ಬೇರೆ ಮಾತೇ ಬರ್ತಿರಲಿಲ್ಲವಂತೆ, ಹೇಳಿದ್ದು ಮಾತ್ರ ಅರ್ಥ ಆಗ್ತಿತ್ತಂತೆ. ಎಡಭಾಗದ ಆ ಜಾಗಕ್ಕೆ ಈಗಲೂ ಆ ಡಾಕ್ಟರ ಹೆಸರೇ ಇದೆ. ನೂರ ಅರವತ್ತು ವರ್ಷದ ಹಿಂದೆ ಕಂಡುಕೊಂಡಿದ್ದು ನಮ್ಮ ಮಂಚದ ಹತ್ರ ಬರೋಕೆ ಇಷ್ಟು ದಿನ ಹಿಡೀತು.

ಎರಡನೇ ದಿನ ಆಕೆ ಒಂದು ಕೆಲಸ ಮಾಡಿದ್ರು. ವಾರದ ಹೆಸರು ಹಿಂದಿನಿಂದ ಹೇಳೋದರಲ್ಲಿ ಅಪ್ಪ ತಡವರಿಸಿದ. 'ಮಳೆ ಹೆಸರು ಗೊತ್ತಾ ಅಯ್ಯಾ? ವಿಶಾಖೆಯಿಂದ ಹಿಂದಕ್ಕೆ ಬನ್ನಿ.' ಅಪ್ಪ ಕಣ್ಣು ಮುಚ್ಚಿದ. ಸ್ವಾತಿ. ಚಿತ್ತೆ. ಹಸ್ತ. ಉತ್ತರೆ. ಒಂದೊಂದು ಹೆಸರಿಗೂ ನಿಮಿಷಗಟ್ಟಲೆ, ನಾಲಗೆ ಎಡವಿ ಎಡವಿ. ಹುಬ್ಬೆ ಆದ ಮೇಲೆ ಮಘೆ ಬಿಟ್ಟು ಆಶ್ಲೇಷಕ್ಕೆ ಹೋದ, ತಾನೇ ತಲೆ ಆಡಿಸಿ, ಬೆರಳೆತ್ತಿ, ವಾಪಸ್ ಬಂದು ಮಘೆ ಅಂದ. ತಪ್ಪಾಗಿದ್ದು ತನಗೇ ಗೊತ್ತಾಗಿ ತಿದ್ದಿಕೊಂಡದ್ದನ್ನ ಆಕೆ ಕೆಳಗೆ ಗೆರೆ ಹಾಕಿ ಬರಕೊಂಡ್ರು.

ಆಮೇಲೆ ಮೇಜಿನ ಮೇಲಿದ್ದ ನಾಣ್ಯ, ಬಾಟಲ್ ಮುಚ್ಚಳ, ಪೆನ್ನು ಎಲ್ಲ ಅಪ್ಪನ ಮುಂದೆ ಹಾಕಿ, 'ನಿಮ್ಮ ಕೆರೆ ತೋರಿಸಿ' ಅಂದ್ರು. ಅಪ್ಪ ಎಡಗೈಯಿಂದ ಮುಚ್ಚಳ ತೂಬಿನ ಜಾಗಕ್ಕಿಟ್ಟ, ಪೆನ್ನನ್ನ ಕಾಲುವೆ ಮಾಡಿದ, ನಾಣ್ಯಗಳನ್ನ ಗದ್ದೆ ಮಾಡಿದ. 'ಕೆರೆ ಅರ್ಧ ಮಾತ್ರ ತುಂಬಿದ್ರೆ?' ಅಪ್ಪ ನೋಡ್ದ. ನಾಲ್ಕು ನಾಣ್ಯ ಎತ್ತಿ ಪಕ್ಕಕ್ಕಿಟ್ಟ. ಉಳಿದವುಗಳಲ್ಲಿ ಬೆರಳು ಮೊದಲು ಹೋಗಿದ್ದು ತೂಬಿಗೆ ದೂರದ ಕೊನೇ ಗದ್ದೆಗೆ. ಹತ್ತಿರದವರಿಗೆ ಮೊದಲು ಕೊಟ್ಟರೆ ಕೊನೆಯವರಿಗೆ ನೀರು ಮುಟ್ಟಲ್ಲ, ಅದು ನೀರಗಂಟಿಗಳ ಹಳೇ ಲೆಕ್ಕ. ಎತ್ತಿಟ್ಟ ನಾಲ್ಕು ಯಾವುವು ಅಂತ ನನ್ನನ್ನ ಕೇಳಿದ್ರು. ಈ ಕಡೆ ಎರಡು ಗೌಡರವು, ಬೋರ್‌ವೆಲ್ ಇದೆ, ಇನ್ನೆರಡು ಎತ್ತರದ ಜಾಗ, ಅರ್ಧ ಕೆರೆಗೆ ನೀರು ಏರೋದಿಲ್ಲ ಅಂದೆ. ಆಕೆ ಅಪ್ಪನ ಕಡೆ ನೋಡಿ ಹೌದಾ ಅಂದ್ರು. ಅಪ್ಪ ಇಲ್ಲ ಅಂತ ತಲೆಯಾಡಿಸಿ ಒಂದು ನಾಣ್ಯ ಬದಲಾಯಿಸಿದ. ನಾನು ಹೇಳಿದ್ದರಲ್ಲಿ ತಪ್ಪಿತ್ತು.

ಇದಕ್ಕೆ ಅಂಕ ಇಲ್ಲ, ಆದ್ರೆ ರಿಪೋರ್ಟಲ್ಲಿ ಬರೀತೀನಿ ಅಂದ್ರು. ಬರೆದಿದ್ದಾರೆ.

ಅಪ್ಪನಿಗೆ ಏನೂ ಆಗಿಲ್ಲ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿ ಹೀರೋ ಮಾಡೋದು ಸುಲಭ. ಹೊಸದಾಗಿ ಹೇಳಿದ್ದು ನಿಲ್ಲಲ್ಲ, ಬೆಳಿಗ್ಗೆ ಯಾರು ಬಂದಿದ್ರು ಅಂದ್ರೆ ಸಂಜೆಗೆ ಮರೆತಿರ್ತಾನೆ. ನೋಟು ಗುರುತಿಸ್ತಾನೆ, ಚಿಲ್ಲರೆ ಲೆಕ್ಕ ತಪ್ಪುತ್ತೆ. ಮಾತು ಹುಡುಕಬೇಕು. ಯೋಚನೆಗೆ ಮೊದಲಿನ ಮೂರು ಪಟ್ಟು ಟೈಮ್ ಬೇಕು. ಇದೆಲ್ಲ ಆ ರಿಪೋರ್ಟಲ್ಲೂ ಇದೆ. 30ಕ್ಕೆ 11 ಅನ್ನೋದು ಇದ್ಯಾವುದನ್ನೂ ಹೇಳಿರಲಿಲ್ಲ.

ಮೂರನೇ ಸಲ ಹೋದಾಗ ಮನಸ್ಸಿನ ವಿಷಯಕ್ಕೆ ಬಂದ್ರು. ಹಳೇ ಆಸ್ಪತ್ರೆಯ ಫೈಲಿನಲ್ಲಿ ಬಿಪಿ, ಶುಗರು, ಉಪ್ಪು, ಮೂತ್ರ ಎಲ್ಲ ಇದೆ, ಈ ಮನುಷ್ಯನಿಗೆ ಬೇಜಾರಿದೆಯಾ ಅಂತ ಒಬ್ಬರೂ ಕೇಳಿದ್ದಿಲ್ಲ. ಲಕ್ವ ಆದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಖಿನ್ನತೆ ಬರುತ್ತೆ. ಅಪರೂಪದ ವಿಷಯ ಅಲ್ಲ ಇದು. ನೇರವಾಗಿ 'ಬೇಜಾರಾ?' ಅಂದ್ರೆ ಅಪ್ಪ ಇಲ್ಲ ಅಂತಾನೆ, ನಮ್ಮ ಗಂಡಸರು ಯಾರು ಹೌದು ಅಂತಾರೆ? ಎದೆ ಭಾರ ಇದೆಯಾ, ಹೊಟ್ಟೆಯಲ್ಲಿ ಸಂಕಟ ಆಗುತ್ತಾ, ಜೀವಕ್ಕೆ ಬೇಸರ ಬಂದಿದೆಯಾ ಅಂತ ಕೇಳಿದ್ರು. ಮೂರಕ್ಕೂ ಹೂಂ. ಮಾತು ಬಾರದವರಿಗೆ ಪ್ರಶ್ನಾವಳಿ ಕೆಲಸ ಮಾಡಲ್ಲ, ಅದಕ್ಕೆ ನೋಡಿಕೊಳ್ಳೋರನ್ನ ಕೇಳೋ ಪಟ್ಟಿ ಇದೆ. ಅವ್ವನ್ನ ಕೂರಿಸಿಕೊಂಡು ಕೇಳಿದ್ರು. ರಾತ್ರಿ ಎದ್ದು ಹೊರಳಾಡ್ತಾರಾ, ಕಣ್ಣಿಗೆ ಕಣ್ಣು ಕೊಡ್ತಾರಾ, ಜನ ಬಂದ್ರೆ ಮುಖ ತಿರುಗಿಸ್ತಾರಾ, ಸುಮ್ಮನೆ ಏನೂ ಮಾಡದೆ ಕೂತಿರ್ತಾರಾ, ಅಳ್ತಾರಾ.

ಅಳ್ತಾನೆ. ಟಿವಿಯಲ್ಲಿ ಯಾವುದೋ ಜಾಹೀರಾತು ಬಂದ್ರೂ ಅಳ್ತಿದ್ದ, ಎರಡು ನಿಮಿಷಕ್ಕೆ ನಿಂತುಹೋಗ್ತಿತ್ತು. ನಾವು ಅದನ್ನೇ ಬುದ್ಧಿ ಹೋಗಿರೋದಕ್ಕೆ ಗುರುತು ಅಂದುಕೊಂಡಿದ್ವಿ. ಆಕೆ ಹೇಳಿದ್ದು ಬೇರೆ. ಹಾಗೆ ಕಾರಣ ಇಲ್ದೆ ಬಂದು, ಮಾತು ಬದಲಾಯಿಸಿದ್ರೆ ನಿಂತುಹೋಗೋ ಅಳು, ಕೆಲವರಿಗೆ ನಗು, ಮಿದುಳಿನ ತಂತಿ ಪೆಟ್ಟಾಗಿರೋದರಿಂದ ಬರುತ್ತೆ, ಒಳಗೆ ಅಷ್ಟು ದುಃಖ ಇರಬೇಕು ಅಂತಿಲ್ಲ. ಗೋಡೆ ಕಡೆ ತಿರುಗಿ ಕಣ್ಣೀರಿಲ್ಲದೆ ಮಲಗಿರೋದೇ ನಿಜವಾದ ಕಾಯಿಲೆ. ನಾವು ಸದ್ದು ಮಾಡ್ತಿದ್ದ ಅಳುವನ್ನ ನೋಡಿ ಸಮಾಧಾನ ಮಾಡ್ತಿದ್ವಿ, ಸುಮ್ಮನಿದ್ದಾಗ ಆರಾಮಾಗಿದ್ದಾನೆ ಅಂತ ಬಿಟ್ಟುಬಿಡ್ತಿದ್ವಿ.

ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ತೆಲುಗು ಬರೋರ ಜೊತೆ ಸೇರಿ, ಸಾಯಬೇಕು ಅನ್ನಿಸುತ್ತಾ ಅಂತ ಅಪ್ಪನ್ನ ನೇರವಾಗಿ ಕೇಳಿದ್ರಂತೆ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ನಾನು ಹೆದರಿದ್ದೆ, ಹಾಗಾಗಲ್ಲ ಅಂದ್ರು. ಅಪ್ಪ ಹೇಳಿದ್ದನ್ನ ಪೂರ್ತಿ ಇಲ್ಲಿ ಬರೆಯಲ್ಲ. ಅರ್ಧ ಸನ್ನೆ, ಅರ್ಧ ಮಾತು. ಒಂದು ಮಾತ್ರ ನನಗೆ ತಿಳಿಸಬಹುದು ಅಂದಿದ್ದನಂತೆ: ಮಗ ಬಾಗಿಲಲ್ಲಿ ನಿಂತು ಹೇಳೋದು ಕೇಳಿಸುತ್ತೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ನನ್ನದು ತಂತಿ ಪೆಟ್ಟಾಗಿ ಬಂದ ಅಳುವಲ್ಲ.

ಮನೋವೈದ್ಯರು ಮಾತ್ರೆ ಶುರು ಮಾಡಿದ್ರು. ಕೆಲಸ ಮಾಡೋಕೆ ಕೆಲವು ವಾರ ಬೇಕು, ನಡುವೆ ಬಿಡಬೇಡಿ ಅಂದ್ರು. ಮಾತಿನ ತರಬೇತಿಗೆ ವಾರಕ್ಕೊಂದು ದಿನ. ಬೆಳಿಗ್ಗೆ ಎದ್ದು ಅಪ್ಪನಿಗೆ ಒಂದು ಕೆಲಸ ಕೊಡಿ, ಯಾವುದಾದ್ರೂ ಸರಿ ಅಂದ್ರು. ಕೆರೆ ಕಟ್ಟೆವರೆಗೆ ಗಾಲಿಕುರ್ಚಿಯಲ್ಲಿ ಕರಕೊಂಡು ಹೋಗ್ತೀನಿ. 2018ರಿಂದ ಕೆಸಿ ವ್ಯಾಲಿ ನೀರು ನಮ್ಮ ಜಿಲ್ಲೆ ಕೆರೆಗಳಿಗೆ ಬರ್ತಿದೆಯಲ್ಲ, ಬೆಂಗಳೂರಿನ ಕೊಳಚೆ ಸಂಸ್ಕರಿಸಿದ್ದು, ಅಪ್ಪ ಅದನ್ನ ಮೂಸಿ ಮುಖ ಹಿಂಡ್ತಾನೆ. ಒಂದೂವರೆ ತಿಂಗಳಾದ ಮೇಲೆ ಕೆಲವು ಪರೀಕ್ಷೆ ಮತ್ತೆ ಮಾಡಿದ್ರು, ಇಪ್ಪತ್ತರಿಂದ ಮೂರು ಕಳೆಯೋದು ಮೊದಲು ಎರಡು ಸಲ ಮಾತ್ರ ಸರಿ ಇತ್ತು, ಈಗ ಐದೂ ಸರಿ. ಬುದ್ಧಿ ವಾಪಸ್ ಬಂತಾ ಅಂದೆ. ಖಿನ್ನತೆಯಲ್ಲಿರೋರು ಗೊತ್ತಿರೋದಕ್ಕೂ ಗೊತ್ತಿಲ್ಲ ಅಂತಾರೆ, ಪ್ರಯತ್ನ ಮಾಡೋ ಮನಸ್ಸೇ ಇರಲ್ಲ, ಅದಕ್ಕೇ ಮನಸ್ಸು ನೋಡದೆ ಬುದ್ಧಿ ಅಳೀಬಾರದು ಅಂದ್ರು.

ಇನ್ನು ಕೋರ್ಟು. ಅಂಕಕ್ಕೂ ಸಾಕ್ಷಿ ಹೇಳೋ ಅರ್ಹತೆಗೂ ನೇರ ಸಂಬಂಧ ಇಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 118ನೇ ಕಲಂ ಪ್ರಕಾರ, ಕೇಳಿದ್ದು ಅರ್ಥವಾಗಿ ಸರಿಯಾದ ಉತ್ತರ ಕೊಡಬಲ್ಲವರೆಲ್ಲ ಸಾಕ್ಷಿ ಹೇಳಬಹುದು. 119ರ ಪ್ರಕಾರ ಮಾತು ಬಾರದವರು ಬರೆದೋ ಸನ್ನೆ ಮಾಡಿಯೋ ಹೇಳಬಹುದು. 2024 ಜುಲೈಯಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲೂ ಇದು ಉಳಿದಿದೆ. ನಮ್ಮ ಲಾಯರು ಇದನ್ನ ಹೇಳಿ, ಹೊಸ ರಿಪೋರ್ಟ್ ಹಾಕಿ ಆಕ್ಷೇಪಣೆ ಕೊಟ್ಟಿದ್ದಾರೆ. ಅಧಿಕಾರಿ ಅಪ್ಪನ್ನ ಖುದ್ದು ನೋಡ್ತೀನಿ, ಕರಕೊಂಡು ಬನ್ನಿ ಅಂದಿದ್ದಾರೆ. ಏನಾಗುತ್ತೋ ಗೊತ್ತಿಲ್ಲ. ಪ್ರಶ್ನೆ ಚಿಕ್ಕದಾಗಿ, ಒಂದೊಂದೇ ಕೇಳಬೇಕು, ಉತ್ತರಕ್ಕೆ ಕಾಯಬೇಕು, ತೆಲುಗಲ್ಲೂ ಕೇಳಬೇಕು ಅಂತ ರಿಪೋರ್ಟಲ್ಲೇ ಬರೆದುಕೊಟ್ಟಿದ್ದಾರೆ. ಆ ಕೋರ್ಟ್ ಹಾಲಲ್ಲಿ ಯಾರು ಯಾರಿಗೆ ಕಾಯ್ತಾರೆ ಅಂತ ನನಗೆ ಇಪ್ಪತ್ತು ವರ್ಷದ ಅನುಭವ ಇದೆ.

ಸಂಗಾತಿಗಳೇ, ನಿಮ್ಮ ಕೇರಿಯಲ್ಲಿ ಲಕ್ವ ಹೊಡೆದು ಮಲಗಿರೋರು ಇದ್ದಾರೆ, ನನಗೆ ಗೊತ್ತು, ಪ್ರತಿ ಕೇರಿಯಲ್ಲೂ ಇದ್ದಾರೆ. ಫೈಲಿನಲ್ಲಿ ಇಂಥ ಅಂಕ ಇದ್ರೆ ಹಾಳೆ ಕೇಳಿ ಪಡೀರಿ, ಎಲ್ಲಿ ಕಳೆದಿದ್ದಾರೆ ನೋಡಿ. ಯಾವ ಭಾಷೆಯಲ್ಲಿ ಕೇಳಿದ್ರಿ, ಓದು ಬರಲ್ಲ ಅಂತ ಎಲ್ಲಿ ಬರೆದಿದ್ದೀರಿ, ಮನಸ್ಸಿನ ಪರೀಕ್ಷೆ ಮಾಡಿದ್ರಾ ಅಂತ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಹೋಗಿ, ಖಿನ್ನತೆಯ ಮಾತ್ರೆಗೆ ಬೆಂಗಳೂರೇ ಬೇಕು ಅಂತಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಬ್ರೇನ್ ಹೆಲ್ತ್ ಕಾರ್ಯಕ್ರಮ ಎಲ್ಲಾ ಜಿಲ್ಲೆ ಮುಟ್ಟಬೇಕು, ಅಲ್ಲಿ ಓದು ಬರದವರಿಗೆ ತಕ್ಕ ಪರೀಕ್ಷೆ ಇರಲೇಬೇಕು ಅಂತ ನಮ್ಮ ಮುಂದಿನ ಮನವಿಯಲ್ಲಿ ಸೇರಿಸೋಣ. ಡ್ರಾಫ್ಟ್ ನಾನು ಮಾಡ್ತೀನಿ. ಕೋರ್ಟಿಗೆ, ಬ್ಯಾಂಕಿಗೆ, ಯಾವ ಆಫೀಸಿಗೂ ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಓದದೆ ಕೊಡಬೇಡಿ. ಮನೆಗೆ ಬಂದವರು ದಯವಿಟ್ಟು ಅಪ್ಪನ ಹತ್ರಾನೇ ಮಾತಾಡಿ. ಉತ್ತರ ಬರೋದು ತಡ ಆಗುತ್ತೆ.

ವಾಯಿದೆ 18ಕ್ಕಿದೆ, ಬೆಳಿಗ್ಗೆ ಹನ್ನೊಂದು. ಬರೋಕಾಗೋರು ಬನ್ನಿ, ಘೋಷಣೆ ಬೇಡ, ಗಲಾಟೆ ಆದ್ರೆ ಅಪ್ಪನಿಗೆ ಮಾತು ಸಿಕ್ಕಲ್ಲ. ನಿನ್ನೆಯಿಂದ ಅವ್ವನ ಸಾಸಿವೆ ಡಬ್ಬಿಯಲ್ಲಿ ಸಣ್ಣ ಕಲ್ಲು ಆರಿಸಿ ಹಾಕಿಕೊಳ್ತಿದ್ದಾನೆ. ಗಡಿಕಲ್ಲಿಗೆ ನಾಲ್ಕು ಸಾಕಲ್ವಾ ಅಂದೆ, ಇಲ್ಲ ಅಂತ ಕೈಯಾಡಿಸಿ ಏಳು ತೋರಿಸಿದ. ಏಳು ಯಾಕೆ ಅಂತ ನನಗಿನ್ನೂ ಗೊತ್ತಾಗಿಲ್ಲ, ಹಳ್ಳದ ಕಡೆ ಗಡಿ ನೇರ ಇಲ್ಲ ಅಂತಿರಬೇಕು.

ಜೈಭೀಮ್.